ಅಮ್ಮನ ಹನಿಮೂನ್

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬಿ,

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನಗೇ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

"ಮದ್ವೆ ವಿಷ್ಯಾನೇ ನಂಗಿನ್ನೂ ಅರಗಿಲ್ಲ. ಈಗ ಹನಿಮೂನ್ ಬೇರೆನಾ? ಅದೂ ಯುರೋಪಿಗೆ? ನಿಂಗೆ ಐವತ್ತಾರು ಅಮ್ಮಾ!" ಎಂದು ನೀನು ಫೋನ್ ಇಟ್ಟಾಗ ನಾನು ಲ್ಯಾಬಿನಲ್ಲಿದ್ದೆ. ಕೈಯಲ್ಲಿ ಯಾರದೋ ಮೇಲ್ದವಡೆಯ ಹಲ್ಲಿನ ಸೆಟ್ಟು. ಇಪ್ಪತ್ತಾರು ವರ್ಷದಿಂದ ಊರಿನವರಿಗೆಲ್ಲ ಹಲ್ಲು ಕಟ್ಟಿಕೊಟ್ಟವಳು ಅವತ್ತು ಎಡಗಡೆಯ ಕೋರೆಹಲ್ಲನ್ನು ಬಲಕ್ಕೆ ಕೂರಿಸಿಬಿಟ್ಟೆ. ಪುಣ್ಯಕ್ಕೆ ಕಳಿಸುವ ಮುಂಚೆ ಕಣ್ಣಿಗೆ ಬಿತ್ತು.

ನಾನು ಮೆಚ್ಚಿದ ಇವರನ್ನು ನೀನು ಒಮ್ಮೆ ಮಾತ್ರ ನೋಡಿದ್ದೀಯ, ಬಸ್ಸಿನ ಸ್ಟೀರಿಂಗ್ ಹಿಂದೆ. ಹನ್ನೊಂದು ವರ್ಷ ನಾನು ಕೆಲಸಕ್ಕೆ ಹೋದದ್ದು ಅದೇ ಬಸ್ಸಿನಲ್ಲಿ. ನಾನು ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಅರ್ಧ ನಿಮಿಷ ನಿಲ್ಲಿಸಿಕೊಳ್ಳುತ್ತಿದ್ದರು. ಮಾತು ಶುರುವಾಗಲು ಏಳು ವರ್ಷ ಹಿಡಿಯಿತು ಅಂದರೆ ನೀನು ನಂಬುವುದಿಲ್ಲ.

ಈಗ ಪ್ರತಿ ಭಾನುವಾರ ಬರುತ್ತಾರೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ಕೂರುತ್ತೇವೆ. ದೊಡ್ಡ ಊರು ಒಂದೂ ಬೇಡ ಎಂದು ತೀರ್ಮಾನವಾಗಿದೆ. "ಮೂವತ್ತೆರಡು ವರ್ಷ ಮುಂದಿನ ರಸ್ತೆ ಬಿಟ್ಟು ಏನೂ ನೋಡಿಲ್ಲ ಕಣ್ರೀ. ಒಂದ್ಸಲ ಬೇರೆ ಯಾರಾದ್ರೂ ಓಡಿಸ್ಲಿ, ನಾನು ಪಕ್ಕಕ್ಕೆ ತಿರುಗಿ ಕೂತ್ಕೋತೀನಿ" ಅನ್ನುತ್ತಾರೆ. ಅದಕ್ಕೇ ಎಲ್ಲಕ್ಕಿಂತ ನಿಧಾನದ ರೈಲನ್ನು ಹುಡುಕಿದ್ದೇವೆ. ಸಣ್ಣಪುಟ್ಟ ಹಳ್ಳಿಯಲ್ಲೆಲ್ಲ ನಿಲ್ಲುತ್ತದಂತೆ. ಇಳಿಜಾರಿನ ತುಂಬ ದ್ರಾಕ್ಷಿತೋಟ, ಕುತ್ತಿಗೆಗೆ ಗಂಟೆ ಕಟ್ಟಿಕೊಂಡ ಹಸುಗಳು, ಹುಲ್ಲು ಬೆಳೆದ ಕಲ್ಲಿನ ಸೇತುವೆ. ಜೂನ್‌ನಲ್ಲಿ ಅಲ್ಲಿ ಸಂಜೆಯೇ ಮುಗಿಯುವುದಿಲ್ಲವಂತೆ ಗುಬ್ಬಿ, ಬೆಳಕು ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಕೂತೇ ಇರುತ್ತದಂತೆ. ಲ್ಯಾಬಿನಲ್ಲಿ ಅಚ್ಚಿನ ಪ್ಲಾಸ್ಟರ್ ಗಟ್ಟಿಯಾಗಲು ಹತ್ತು ನಿಮಿಷ ಕಾಯಬೇಕಲ್ಲ, ಆ ಹತ್ತು ನಿಮಿಷ ನಾನು ಅಲ್ಲೇ ಇರುತ್ತೇನೆ. ಮರದ ಕಿಟಕಿ ತೆಗೆಯುತ್ತೇನೆ, ಕೊಯ್ದ ಹುಲ್ಲಿನ ವಾಸನೆ ಒಳಗೆ ಬರುತ್ತದೆ. ಯಾರೋ ಕೂಗಿದಾಗ ಬಿಳಿ ಕೈಗವಸಿನಲ್ಲಿ ವಾಪಸ್ ಬರುತ್ತೇನೆ.

ಅವತ್ತು ನೀನು ಇನ್ನೊಂದು ಮಾತು ಅಂದೆ. "ಅಪ್ಪನ ಜೊತೆ ಆ ಸರೋವರಕ್ಕೆ ಹೋಗಿದ್ದು ಮರ್ತೇಹೋಯ್ತಾ?"

ಹೇಗೆ ಬರೆಯಲಿ? ನಾವು ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ. ಮದುವೆಯ ಮೂರನೇ ದಿನವೇ ನಿನ್ನಪ್ಪ ಲಿಫ್ಟ್ ರಿಪೇರಿಯ ಕೆಲಸಕ್ಕೆ ಹೊರಟರು. ಪ್ರತಿ ಸಲವೂ "ಬರೋ ವರ್ಷ ಖಂಡಿತ" ಅನ್ನುತ್ತಿದ್ದರು. ಒಂದು ಬರೋ ವರ್ಷ ಬಂದಾಗ ಅವರೇ ಇರಲಿಲ್ಲ. ನಿನಗೆ ಐದು ವರ್ಷ. "ಮದ್ವೆ ಆದ್ಮೇಲೆ ನೀನೂ ಅಪ್ಪನೂ ಎಲ್ಲಿಗೆ ಹೋಗಿದ್ರಿ?" ಎಂದು ಹಟ ಹಿಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸರೋವರ, ಕೆಂಪು ದೋಣಿ. ನಮ್ಮಿಬ್ಬರನ್ನೂ ಎತ್ತಿ ಅದರಲ್ಲಿ ಕೂರಿಸಿದೆ. ನೀನು ಇನ್ನೂ ಹೇಳು ಅಂದಂತೆಲ್ಲ ಬಾತುಕೋಳಿ ಬಂತು, ಹುಟ್ಟು ನೀರಿಗೆ ಬಿತ್ತು, ಅಪ್ಪ ಹಾಡಿದರು. ನಿನ್ನಪ್ಪನಿಗೆ ಹಾಡಲು ಬರುತ್ತಿರಲಿಲ್ಲ ಗುಬ್ಬಿ. ಒಳ್ಳೆಯವರು. ಬಿಡುವಿರಲಿಲ್ಲ, ಅಷ್ಟೇ. ಹೇಳಿ ಹೇಳಿ ನನಗೂ ಆ ನೀರಿನ ತಂಪು ನೆನಪಿದೆ.

ಇದನ್ನು ಮೊದಲು ಹೇಳಿದ್ದು ಇವರಿಗೆ. ನಕ್ಷೆಯಲ್ಲಿ ಒಂದು ಸರೋವರದ ಮೇಲೆ ಬೆರಳಿಟ್ಟು, ಇಲ್ಲಿ ಎರಡು ದಿನ ಇರೋಣ ಅಂದಿದ್ದರು. ನಾನು ಅತ್ತುಬಿಟ್ಟೆ. ಎಲ್ಲ ಕೇಳಿದ ಮೇಲೆ ಪೆನ್ಸಿಲ್ ತೆಗೆದುಕೊಂಡು ಆ ಜಾಗವನ್ನು ಮೆಲ್ಲಗೆ ಹೊಡೆದುಹಾಕಿದರು. "ಹಾಗಾದ್ರೆ ಸರೋವರ ಬೇಡ. ಅದು ಅವರದ್ದೇ ಇರ್ಲಿ. ನಾವು ನದಿ ಪಕ್ಕ ಹೋಗೋಣ" ಅಂದರು.

ಇಂಥವರ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸಿತು.

ಸುಳ್ಳು ಹೇಳಿ ಬೆಳೆಸಿದ್ದಕ್ಕೆ ಕ್ಷಮಿಸು. ಸಿಟ್ಟಾಗಬೇಡ ಎಂದು ಹೇಳುವುದಿಲ್ಲ. ಆದರೆ ಆ ಸುಳ್ಳಿಗಾಗಿ ನಾನು ಇಲ್ಲೇ ಉಳಿಯಬೇಕು ಅನ್ನಬೇಡ ಮಗಳೇ.

ನಿನ್ನದೇ,
ಅಮ್ಮ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ನಿನ್ನ ಒಪ್ಪಿಗೆ ಇಲ್ಲದೆ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೋದ ಬುಧವಾರ ಊಟದ ಬಿಡುವಿನಲ್ಲಿ ಹತ್ತಿ, ಮದುವೆಗೆ ಸಹಿ ಹಾಕಿ ಬಂದೆ. ಇವರು ನಿನಗಾಗಿ ಕಾಯೋಣ ಅಂದರು, ಅವಸರ ಮಾಡಿದವಳು ನಾನೇ. ನೀನು ಒಂದು ಸಲ ಬಾಯಿಬಿಟ್ಟು ಬೇಡ ಅಂದಿದ್ದರೆ ನಾನು ನಿಂತುಬಿಡುತ್ತಿದ್ದೆ, ಸಾಯುವ ತನಕ ನಿಂತೇ ಇರುತ್ತಿದ್ದೆ. ಶನಿವಾರ ಮನೆಗೆ ಬಾ. ಬೈಯುವುದಿದ್ದರೂ ಎದುರಿಗೆ ಕೂತು ಬೈ.