ನೋರೀನ್ ಭುಜಕ್ಕೆ ಒಗ್ಗುವ ರೈಫಲ್

ಒಂಟೊನಾಗನ್, ಮಿಶಿಗನ್
ಅಕ್ಟೋಬರ್ 18, 1987

ಪ್ರೀತಿಯ ನೋರೀನ್,

ಹೇಗಿದ್ದೀಯಮ್ಮ? ಉತ್ತರ ತಡವಾದದ್ದಕ್ಕೆ ನಿನ್ನ ಮಾವನನ್ನು ಬೈ. ಆಲೂಗಡ್ಡೆ ಅಗೆಯುವಾಗ ಸೊಂಟ ಹಿಡಿದುಕೊಂಡು ಮಲಗಿದವರು ಸೌದೆ ಒಡೆಯುವುದನ್ನೂ ನನಗೇ ಬಿಟ್ಟರು. ಈಗ ಓಡಾಡುತ್ತಿದ್ದಾರೆ.

ಈ ಸಲ ಜಿಂಕೆ ಬೇಟೆಗೆ ನಾನೂ ಬರಲೇ, ರೈನೋ ಹೋದ ಮೇಲೆ ಯಾರೂ ಮುಟ್ಟದ ಅವನ ರೈಫಲನ್ನೇ ಹಿಡಿಯಲೇ ಎಂದು ಕೇಳಿದ್ದೀಯ. ಖಂಡಿತ ಬಾ. ಆದರೆ ಆ ರೈಫಲ್ ನಿನಗೆ ಬೇಡ. ನಿನ್ನ ಗಂಡ ಆರಡಿ ಆಳಾಗಿದ್ದ. ಅದರ ಹಿಂಬದಿಯ ಮರ ನಿನ್ನ ತೋಳಿಗೆ ಉದ್ದ, ಒದೆತವೂ ಜೋರು. ಒಮ್ಮೆ ಒದೆಸಿಕೊಂಡರೆ ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ.

ಹೋದ ವಾರ ಲೆಸ್ಟರನ ಬಂದೂಕಿನ ಅಂಗಡಿಗೆ ಹೋಗಿದ್ದೆ. ಆನೆ ಹೊಡೆಯುವಂಥದ್ದನ್ನು ಮುಂದಿಟ್ಟ. ಬೇಡ, ಒದೆತ ಕಡಿಮೆಯಿರುವ ಪಾಯಿಂಟ್ 243 ರೈಫಲ್ ಕೊಡು ಎಂದೆ.

"ಅದ್ರಲ್ಲಿ ಹೊಡೆದ್ರೆ ಜಿಂಕೆ ನಗುತ್ತೆ, ಸೈಮಾ."

"ನಿನ್ನ ಗುರಿ ನೋಡಿ ನಗಲ್ವಾ ಹಾಗಾದ್ರೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕು, ನಿನ್ನ ಅಳತೆಗೆ ಅದರ ಹಿಂಬದಿಯ ಮರವನ್ನು ಕೊಯ್ದು ಕೊಟ್ಟ.

ಗುಂಡಿನ ವಿಷಯದಲ್ಲಿ ಮಾತ್ರ ಹುಷಾರು. ಇದರ ಹಗುರ ಗುಂಡು ನರಿಗೆ ಸರಿ. ಜಿಂಕೆಗಾದರೆ ಚರ್ಮದಡಿಯಲ್ಲೇ ಚೂರಾಗಿ, ಪಾಪದ ಪ್ರಾಣಿ ಗಾಯ ಹೊತ್ತು ಓಡಿ ಎಲ್ಲೋ ನರಳಿ ಸಾಯುತ್ತದೆ. ಅದಕ್ಕೇ ಭಾರದ, ನೂರು ಗ್ರೇನ್ ತೂಕದ, ಮೆತ್ತನೆ ಸೀಸದ ಮೂತಿಯ ಗುಂಡು ತಂದಿದ್ದೇನೆ. ಆಳಕ್ಕೆ ಹೊಕ್ಕು ಅರಳುತ್ತದೆ. ಮುಂಗಾಲಿನ ಹಿಂದಕ್ಕೆ ಗುರಿಯಿಡು. ಜಿಂಕೆ ಪಕ್ಕಕ್ಕೆ ತಿರುಗಿ ನಿಲ್ಲದಿದ್ದರೆ ಬಿಟ್ಟುಬಿಡು, ಇನ್ನೊಂದು ದಿನ ಸಿಗುತ್ತದೆ.

ನಿನ್ನೆ ಜಲ್ಲಿ ಹೊಂಡದಲ್ಲಿ ನಾನೇ ಹೊಡೆದು ನೋಡಿದೆ. ಗುಂಡುಗಳೆಲ್ಲ ಅಂಗೈಯಗಲದಲ್ಲೇ ಬಿದ್ದವು. ಮಾವ ಕಾರಿನಲ್ಲೇ ಕೂತು, "ಆ ಹುಡ್ಗಿ ನಮ್ಮನ್ನೆಲ್ಲ ಮೀರಿಸ್ತಾಳೆ ಬಿಡು" ಎಂದರು.

ಕೈ ನಡುಗದಿರಲಿ, ಮನಸ್ಸು ತಣ್ಣಗಿರಲಿ. ಸ್ವಲ್ಪ ಮೊದಲೇ ಬಂದರೆ ಒಟ್ಟಿಗೆ ಅಭ್ಯಾಸ ಮಾಡೋಣ.

ನಿನ್ನ ಅತ್ತೆ,
ಸೈಮಾ

ಇನ್ನೊಂದು ಮಾತು: ಡೇಲ್ ಎಂಬುವನು ನಿನ್ನನ್ನು ಮದುವೆಯಾಗಲು ಕೇಳಿದ್ದಾನೆ, ನೀನು ನಮಗೆ ಹೇಳಲಾರದೆ ಒದ್ದಾಡುತ್ತಿದ್ದೀಯ ಎಂದು ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ. ಮಗ ಆ ಹಿಮದ ರಸ್ತೆಯ ಅಪಘಾತದಲ್ಲಿ ಹೋದ. ಇನ್ನು ನಿನ್ನನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ಡೇಲ್‌ನನ್ನೂ ಕರೆದುಕೊಂಡು ಬಾ. ಬೇಟೆಗೆ ಹೋದಾಗ ತಂಗುವ ಕಾಡಿನ ಗುಡಿಸಲಿನಲ್ಲಿ ರೈನೋ ಮಲಗುತ್ತಿದ್ದ ಮಂಚಕ್ಕೆ ಇವತ್ತು ಒಗೆದ ಬಟ್ಟೆ ಹಾಸಿ ಬಂದಿದ್ದೇನೆ. ಡೇಲ್ ಅಲ್ಲಿ ಮಲಗಲಿ.