ಬಣ್ಣ ಬಿಟ್ಟ ಹವಳ

2006 ನವೆಂಬರ್ 6, ಸೋಮವಾರ

ಉಪ್ಪುನೀರು ಕಲಸಿಟ್ಟೆ. ಮೀನು, ಹವಳ ಇರೋ ಗಾಜಿನ ಟ್ಯಾಂಕಿನ ಕಾಲು ಭಾಗ ನೀರು ಬದಲು. ಡ್ಯೂಟಿಗೆ ತಡ ಆಯ್ತು. ಫ್ಯಾಕ್ಟರಿ ಲ್ಯಾಬಿನಾಗ ಸಿಮೆಂಟು ಟೆಸ್ಟ್ ಮಾಡೋದು, ಮನ್ಯಾಗ ಇದು.

ಹವಳ ಎಲ್ಲಾ ಕಂದು ಆಗ್ಯಾವ. ನೇರಳೆ ಯಾವುದು, ಹಸಿರು ಯಾವುದು ಗೊತ್ತಾಗೋದಿಲ್ಲ. ಇವರು ಮೀನಿಗೆ ಊಟ ಹಾಕಿದ್ದು ಮರೀತಾರ, ಮತ್ತ ಹಾಕ್ತಾರ. ದಿನವಿಡೀ ಗಾಜಿನ ಮುಂದ ಕುರ್ಚಿ. ಶಹಾಬಾದಿನ ಹತ್ರ ಇವರ ಗೂಡ್ಸ್ ಗಾಡಿಗೆ ಒಬ್ಬಾಂವ ಸಿಕ್ಕು ಸತ್ತಾಗಿಂದ ಹಿಂಗ. ಡ್ರೈವರ್‌ದು ತಪ್ಪಿಲ್ಲ ಅಂತ ಇನ್‌ಕ್ವಾಯರಿ ಮುಗದದ. ಆದ್ರೂ ಇಂಜಿನ್ ಹತ್ತಲಿಕ್ಕೆ ಒಲ್ಲೆ ಅಂತಾರ.

ನವೆಂಬರ್ 8

ನೀರು ಟೆಸ್ಟ್ ಮಾಡಿದೆ. ನೈಟ್ರೇಟ್ ಟ್ಯೂಬು ಕಡುಗೆಂಪು. ಫಾಸ್ಫೇಟ್ ಕಡುನೀಲಿ. ಹವಳದ ಮೈಯೊಳಗ ಸಣ್ಣ ಪಾಚಿ ಇರ್ತದ. ಮೀನು ಬಿಟ್ಟ ಊಟ ಕೊಳತು ನೀರಿನಾಗ ಇವೆರಡೂ ಜಾಸ್ತಿ ಆದ್ರ ಅದು ಬೆಳದು ಬಣ್ಣ ಮುಚ್ಚಿಬಿಡ್ತದ. ಫಾಸ್ಫೇಟ್ ಹೀರೋ ಕಾಳು ಫಿಲ್ಟರಿಗೆ ಹಾಕಿದೆ. ಮೀನಿನ ಊಟದ ಡಬ್ಬಿ ಮ್ಯಾಲಿನ ಕಪಾಟಿನಾಗ ಬಚ್ಚಿಟ್ಟೆ.

ಆ ಸಾವಿನ ಸುದ್ದಿ ಬಂದ ಪೇಪರೂ ಅಲ್ಲೇ ಇಟ್ಟೀನಿ. ಬಂದವರಿಗೆ ಬಾಗಿಲದಾಗಽ ಹೇಳ್ತೀನಿ — ಆ ಮಾತು ತೆಗೀಬ್ಯಾಡ್ರಿ ಅಂತ.

ನವೆಂಬರ್ 27

ಬಣ್ಣ ಬಂತು. ನೇರಳೆ, ಹಸಿರು, ತುದಿಗೆ ನೀಲಿ. ಬಾಜೂಮನಿ ಉಮಾದೇವಿಯವರು ಬಂದು, ಫೋಟೋದಾಗ ನೋಡಿದ್ದಕ್ಕಿಂತ ಚಂದ ಅದ ಅಂದ್ರು. ಇವರು ನೋಡಿದ್ರು. ಮತ್ತ ಕುರ್ಚಿಗೆ ಹೋಗಿ ಕುಂತ್ರು. ನನಗ ಏನೂ ಅನಸಲಿಲ್ಲ. ಅನ್ನಕ್ಕಿಟ್ಟೆ.

ಡಿಸೆಂಬರ್ 15, ಸಂಜಿ

ಹವಳ ಭಾಳ ತಿಳಿ ಆಗ್ಯಾವ. ತುದಿ ಬೆಳ್ಳಗ. ಟ್ಯೂಬಿನಾಗ ಬಣ್ಣ ಏಳಲೇ ಇಲ್ಲ, ಎರಡೂ ಸೊನ್ನಿ. ಒಳಗಿನ ಪಾಚಿಗೂ ಏನೂ ಉಳಿಸಿಲ್ಲ ನಾ. ಅದು ಹೋದ್ರ ಹವಳಕ್ಕ ಊಟ ಎಲ್ಲಿಂದ…

ಇವರು ಹಿಂದ ಬಂದು ನಿಂತಿದ್ರು.

"ಭಾಳ ಸ್ವಚ್ಛ ಮಾಡಿಬಿಟ್ಟಿ, ಪದ್ಮಜಾ," ಅಂದ್ರು. ಆಮ್ಯಾಲೆ, "ಆ ಪೇಪರ್ ಕೊಡು. ಅಂವನ ಹೆಸರು ಏನಿತ್ತು?"

ಕೊಟ್ಟೆ. ಜಟ್ಟೆಪ್ಪ. ಫರಸಿ ಕಲ್ಲಿನ ಖಣಿಯಾಗ ಕೆಲಸ ಮಾಡಾಂವ.

ಡಿಸೆಂಬರ್ 17, ರವಿವಾರ

ಶಹಾಬಾದಿಗೆ ಹೋಗಿ ಬಂದ್ವಿ. ಶೌಕತ ಅಲಿ ಜಟ್ಟೆಪ್ಪನ ಮನಿ ತೋರಿಸಿದ — ಅವತ್ತು ಇಂಜಿನ್‌ನ್ಯಾಗ ಇವರ ಜೋಡಿ ಇದ್ದ ಅಸಿಸ್ಟೆಂಟ್. ಜಟ್ಟೆಪ್ಪನ ಹೆಂಡತಿ ಚಾಪಿ ಹಾಸಿದಳು. ಇವರು ಕೂಡಲಿಲ್ಲ. ನಿಂತಽ ತಾವು ಯಾರಂತ ಹೇಳಿದ್ರು. ಆಕಿ ಇವರ ಮಾರಿ ನೋಡಿ ಕೇಳಿದಳು.

"ಹಾರ್ನ್ ಹೊಡದಿದ್ರೇನ್ರಿ?"

"ಹೊಡಕೋತಽ ಬಂದೆ, ತಾಯಿ."

"ಅವ್ರಿಗಿ ಕೇಳ್ತಿದ್ದಿಲ್ರಿ. ಖಣ್ಯಾಗ ಮದ್ದು ಹಾರಿಸಿ ಹಾರಿಸಿ ಕಿವಿ ಹೋಗಿದ್ದವು. ಯಾರೂ ನಮ್ಮನ್ನ ಬಂದು ಕೇಳಲೇ ಇಲ್ಲ. ನೀವಽ ಮೊದಲ ಬಂದೋರು."

ಇವರು ಕುಂತ್ರು. ಆಕಿ ಚಹಾ ಕೊಟ್ಟಳು. ಕುಡದ್ರು. ಖಾಲಿ ಕಪ್ ಕೈಯಾಗ ಹಿಡಕೊಂಡು ಅತ್ರು. ಆಕಿನೂ ಅತ್ತಳು. ನನಗ ಅಳು ಬರಲಿಲ್ಲ. ಶೌಕತ ಅಲಿಯ ಚಪ್ಪಲಿ ನೋಡಕೋತ ಕುಂತಿದ್ದೆ.

2007 ಜನವರಿ 18

ಫಿಲ್ಟರಿನ ಕಾಳು ತಗದು ಭಾಳ ದಿನ ಆಯ್ತು. ಮೀನಿಗೆ ಸ್ವಲ್ಪ ಸ್ವಲ್ಪ ಊಟ. ನೈಟ್ರೇಟ್ ಈಗ ತಿಳಿಗುಲಾಬಿ — ಇಷ್ಟು ಇರಬೇಕು. ಎರಡು ಹವಳ ಸತ್ತವು, ಬರೇ ಎಲುಬಿನಂಗ. ತಗದೆ. ಉಳದವಕ್ಕ ಬುಡದಾಗ ಬಣ್ಣ ಕಾಣ್ಲಿಕತ್ತದ. ತುದಿ ಇನ್ನೂ ಬೆಳ್ಳಗ.

ಇವರು ಸೋಮವಾರ ಡ್ಯೂಟಿಗೆ ಹೋಗ್ತಾರಂತ. ನಾ ಕೇಳಲಿಲ್ಲ. ಊಟ ಮಾಡೂ ಮುಂದ ತಾವಽ ಹೇಳಿದ್ರು.

ಜನವರಿ 22, ಮುಂಜಾನೆ

ಚಪಾತಿ, ಪುಂಡಿಪಲ್ಯ ಕಟ್ಟಿಕೊಟ್ಟೆ. ಬರ್ತೀನಿ ಅಂದು ಹೋದ್ರು. ಶೌಕತ ಅಲಿ ಗೇಟಿನ್ಯಾಗ ಕಾಯ್ತಿದ್ದ. ಬಾಗಿಲು ಹಾಕಿ ಒಲಿ ಹಚ್ಚಿ ಹಾಲಿಟ್ಟೆ. ಈಗ ಯಾರ್ಡಿನಿಂದ ಗಾಡಿ ಹೊರಟ ಸಪ್ಪಳ. ಇವರದಽ ಇರಬೇಕು.

ಅಕ್ಷರ ನೋಡು ಹೆಂಗ ಸೊಟ್ಟಸೊಟ್ಟ ಬರ್ಲಿಕತ್ತಾವ. ಇಷ್ಟು ತಿಂಗಳು ಏನೂ ಆಗಿದ್ದಿಲ್ಲ ನನಗ, ಇವರು ಡ್ಯೂಟಿಗೆ ಹೋದ ಮ್ಯಾಲೆ ಇದೇನು… ಹಾಲು ಉಕ್ಲಿಕತ್ತದ, ಎದ್ದು ಹೋಗಿ…