ಬೀದಿಯೆಲ್ಲ ಸಾಕ್ಷಿ ಹೇಳಿದ ಹಡಗು

ವಿದ್ಯಾರ್ಥಿನಿಯರ ಹಾಸ್ಟೆಲ್
ಬುಧವಾರ, ಊಟದ ಹೊತ್ತು (ಊಟ ಬಿಟ್ಟು ಬರೆಯುತ್ತಿದ್ದೇನೆ)

ಬೀದಿಗೆಲ್ಲ ಬೇಕಾದ ನನ್ನ ಅಮ್ಮನಿಗೆ,

ಸಿಟ್ಟಿನಲ್ಲಿರುವ ಮಗಳ ನಮಸ್ಕಾರ. ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವೆಂದು ಗೊತ್ತು, ಯಾಕೆಂದರೆ ನೀನಾಡಿದ ಮಾತು ಇಲ್ಲಿಯವರೆಗೂ ಬಂದು ತಲುಪಿದೆ. ಫೋನ್ ಮಾಡಬಹುದಿತ್ತು. ಆದರೆ ನೀನು ಕೈಯಲ್ಲಿ ಗ್ಲೌಸ್ ಇದೆ ಅಂತ ಸ್ಪೀಕರ್ ಹಾಕುತ್ತೀಯ, ನಿನ್ನ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಸಾಲಾಗಿ ಕೂತವರೆಲ್ಲ "ಏನಮ್ಮಾ, ಊಟ ಆಯ್ತಾ?" ಅಂತ ಶುರು ಮಾಡುತ್ತಾರೆ. ಇದು ಸಾಲಿನಲ್ಲಿ ಕೂತವರು ಕೇಳುವ ಮಾತಲ್ಲ.

ನಾನು ಓದುತ್ತಿರುವುದು ಏನೆಂದು ಮತ್ತೊಮ್ಮೆ ಹೇಳುತ್ತೇನೆ. ಮುಖ್ಯ ವಿಷಯ ಸಂಖ್ಯಾಶಾಸ್ತ್ರ. ಅದರ ಜೊತೆಗೆ ಮೈನರ್ ಆಗಿ, ಅಂದರೆ ಎರಡನೆಯ ವಿಷಯವಾಗಿ, ತೆಗೆದುಕೊಂಡದ್ದು ಗುಪ್ತಚರ್ಯೆ ಮತ್ತು ರಾಷ್ಟ್ರೀಯ ಭದ್ರತೆ. ಎದುರುಮನೆ ಅತ್ತೆ "ಮೈನರ್ ಹುಡ್ಗೀನ ಪೊಲೀಸ್ ಕೆಲ್ಸಕ್ಕೆ ಹೆಂಗ್ ಸೇರಿಸ್ಕೋತಾರೆ?" ಅಂದದ್ದನ್ನು ನೀನು ಹೇಳಿದಾಗ ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಇಲ್ಲಿ ನಮಗೆ ಪಿಸ್ತೂಲು ಕೊಡುವುದಿಲ್ಲಮ್ಮ. ಕಪ್ಪು ಕನ್ನಡಕವನ್ನೂ ಕೊಡುವುದಿಲ್ಲ. ಹಳೆಯ ಪತ್ರಿಕೆ, ಸರಕು ಸಾಗಣೆಯ ಅಂಕಿಅಂಶ, ಯಾರೋ ಯಾರಿಗೋ ಹೇಳಿದ ಮಾತು, ಇವನ್ನೆಲ್ಲ ಮುಂದೆ ಹರಡಿ, ಇದರಲ್ಲಿ ನಂಬುವುದು ಎಷ್ಟು, ಬಿಡುವುದು ಎಷ್ಟು ಅಂತ ಕೇಳುತ್ತಾರೆ. ಅಕ್ಕಿ ಆರಿಸಿದ ಹಾಗೆ. ನನಗೆ ಅದು ಇಷ್ಟವಾಯಿತು. ಬೇರೆ ಯಾವುದರಲ್ಲೂ ಇಷ್ಟು ಮನಸ್ಸಿಟ್ಟು ಓದಿದವಳಲ್ಲ ನಾನು.

ಓದು ಮುಗಿದ ಮೇಲೆ ನಮ್ಮ ತರಗತಿಯಿಂದ ಒಬ್ಬರನ್ನು ಭದ್ರತಾ ಕಚೇರಿಗೆ ತರಬೇತಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಕೊನೆಗೆ ಉಳಿದವರು ಇಬ್ಬರು, ನಾನು ಮತ್ತು ಮುಂದಿನ ಬೆಂಚಿನ ಕನ್ನಡಕದ ಹುಡುಗಿ. ನನ್ನ ಹೆಸರೇ ಮೇಲಿತ್ತು. ಇನ್ನು ಉಳಿದದ್ದು ಮನೆಯ ಕಡೆಯ ವಿಚಾರಣೆ ಮಾತ್ರ.

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆ ಒಬ್ಬರು ಬಂದಿದ್ದರು, ಸೂಜಿ ಕಂಡು ಬೆವರಿಬಿಟ್ಟರು ಅಂತ ನೀನೇ ನಗುತ್ತಾ ಹೇಳಿದ್ದೆಯಲ್ಲ, ಆ ಮನುಷ್ಯನೇ ವಿಚಾರಣೆಗೆ ಬಂದ ಅಧಿಕಾರಿ. ಬೆವರು ಮಾತ್ರ ನಿಜವಾದದ್ದಂತೆ. "ನಿಮ್ಮ ಯಜಮಾನ್ರು ಏನ್ಮಾಡ್ತಾರಮ್ಮಾ?" ಅಂತ ಅವರು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರವನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದಾರೆ. "ಹಡಗಲ್ಲಿದಾರೆ ಸಾರ್. ಮುಷ್ಟಿ ಬಿಗಿ ಮಾಡಿ. ಭಾರಿ ದೊಡ್ಡ ಹಡಗು, ಅದ್ರ ಅಡುಗೆಮನೇನೇ ಈ ಲ್ಯಾಬಿನಷ್ಟಿದೆ. ಅಲೆ ಎದ್ರೆ ಪಾತ್ರೆ ಎಲ್ಲ ಒಂದ್ ಕಡೆಯಿಂದ ಇನ್ನೊಂದ್ ಕಡೆಗೆ ಓಡ್ತಾವಂತೆ. ಆಯ್ತು, ಹತ್ತಿ ಒತ್ಕೊಳ್ಳಿ."

ಸೂಜಿಗೆ ಹೆದರುವವರಿಗೆಲ್ಲ ನೀನು ಹೇಳುವ ಕಥೆ ಅದೇ ಅಲ್ಲವೇ? ಬೀದಿಯಲ್ಲಿ ಎಷ್ಟು ತೋಳುಗಳಿಗೆ ಸೂಜಿ ಚುಚ್ಚಿದ್ದೀಯೋ ಅಷ್ಟು ಕಿವಿಗಳಿಗೂ ಆ ಹಡಗು ಹೋಗಿ ಮುಟ್ಟಿದೆ. ಆ ಅಧಿಕಾರಿ ಅಲ್ಲಿಂದ ಇಸ್ತ್ರಿ ಅಂಗಡಿ ಮಾವನ ಹತ್ತಿರ ಹೋದರಂತೆ. ಮಾವ ಒಂದು ಹೆಜ್ಜೆ ಮುಂದೆ ಹೋಗಿ "ಅವ್ರ ಬಿಳೀ ಯೂನಿಫಾರ್ಮು ಈ ಕೈಯಾರೆ ಇಸ್ತ್ರಿ ಮಾಡಿದೀನಿ ಸಾರ್" ಅಂದರಂತೆ. ಎದುರುಮನೆ ಅತ್ತೆ, ಹೋದ ಸಲ ಬಂದಾಗ ಅಪ್ಪ ಗಡ್ಡ ಬಿಟ್ಟಿದ್ದರು ಅಂದರಂತೆ. ಔಷಧಿ ಅಂಗಡಿಯವರು ಬಂದರಿನ ಹೆಸರನ್ನೂ ಹೇಳಿದ್ದಾರೆ!

ನಾನು ಅರ್ಜಿಯಲ್ಲಿ ಬರೆದದ್ದು ಬೇರೆ. ತಂದೆ ನಮ್ಮನ್ನು ಬಿಟ್ಟು ಬೇರೆ ಊರಿನಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದಾರೆ, ಅಲ್ಲಿ ಇನ್ನೊಂದು ಸಂಸಾರವಿದೆ ಅಂತ ಬರೆದೆ.

ಹೌದಮ್ಮ, ನನಗೆ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ಬ್ಯಾಗು ಕಳಿಸಿದ್ದರಲ್ಲ, ಆ ಪಾರ್ಸಲಿನ ಮೇಲೆ ಅಂಚೆ ಮುದ್ರೆ ಇತ್ತು. ಭೂಪಟದಲ್ಲಿ ಊರು ಹುಡುಕಿದೆ. ಸುತ್ತ ಎಲ್ಲಿ ನೋಡಿದರೂ ನೆಲವೇ. ಬ್ಯಾಗು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಆಮೇಲೆ ಚಿಕ್ಕಪ್ಪನನ್ನು ಪೀಡಿಸಿ ಉಳಿದದ್ದನ್ನು ಬಾಯಿಬಿಡಿಸಿದೆ. ನೀನು ನನಗೆ ಹೇಳಲಿಲ್ಲ, ನಾನು ನಿನಗೆ ಹೇಳಲಿಲ್ಲ. ಇಬ್ಬರೂ ಸೇರಿ ಇಷ್ಟು ವರ್ಷ ಆ ಹಡಗನ್ನು ದಡ ಮುಟ್ಟಿಸದೆ ನಡೆಸಿದೆವು.

ನಿನ್ನೆ ಭದ್ರತಾ ಕಚೇರಿಯ ಮೇಡಂ ನನ್ನನ್ನು ಕೂರಿಸಿಕೊಂಡು, ಅಧಿಕಾರಿಯ ವರದಿಯನ್ನೆಲ್ಲ ಓದಿ ಹೇಳಿ, "ಇಡೀ ಬೀದಿ ಒಂದೇ ಮಾತು ಹೇಳುತ್ತೆ. ನೀವೊಬ್ರೇ ಬೇರೆ ಹೇಳ್ತೀರಿ. ಇದ್ರಲ್ಲಿ ಸುಳ್ಳು ಯಾರ್ದು?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತು ಜನ ಒಂದೇ ಮಾತು ಹೇಳಿದರೆ ಅದು ಹತ್ತು ಸಾಕ್ಷಿ ಅಂದುಕೊಳ್ಳಬೇಡಿ, ಮೊದಲು ಯಾರ ಬಾಯಿಂದ ಹೊರಟಿತು ನೋಡಿ ಅನ್ನುವುದು ನಮ್ಮ ಮೊದಲ ಪಾಠ! ಅದನ್ನೇ ಹೇಳಿದೆ. "ನಮ್ಗೇ ಪಾಠ ಮಾಡ್ತೀರಾ?" ಅಂದರು. ಪಾಠ ಹೇಳಿಕೊಟ್ಟ ಮೇಷ್ಟ್ರ ಹತ್ತಿರ ಓಡಿದೆ. ಅವರು ಚಹಾ ಊದುತ್ತಾ "ನಿಂಗೆ ಗೊತ್ತು, ನಂಗೂ ಗೊತ್ತು. ಫೈಲಿಗೆ ಗೊತ್ತಿಲ್ವಲ್ಲಮ್ಮಾ" ಅಂದರು. ನಿಜ ಬರೆದವಳು ನಾನು, ಸುಳ್ಳಿಯಾದವಳೂ ನಾನು.

ಆ ಅಧಿಕಾರಿ ಶನಿವಾರ ಮತ್ತೆ ಬರುತ್ತಾರೆ. ಅವರೊಬ್ಬರ ಎದುರು ಮಾತ್ರ ನಿಜ ಹೇಳಿಬಿಡು. ಬೀದಿಗೆ ಹೇಳಬೇಡ, ಲ್ಯಾಬಿನಲ್ಲೂ ಹೇಳಬೇಡ. ಬಾಗಿಲು ಹಾಕಿಕೊಂಡು ಒಂದೇ ಒಂದು ಸಲ ಹೇಳು. ಇದು ನಿನಗೆ ಎಷ್ಟು ಕಷ್ಟ ಅಂತ ಗೊತ್ತಿಲ್ಲದೆ ಕೇಳುತ್ತಿಲ್ಲ. ಗಂಡ ಬಿಟ್ಟವಳು ಅನ್ನಿಸಿಕೊಳ್ಳದೆ, ಹಡಗಿನವರ ಮನೆಯವರು ಅನ್ನಿಸಿಕೊಂಡು ತಲೆಯೆತ್ತಿ ಓಡಾಡಿದ್ದೀಯ. ಬಾಡಿಗೆ ಮನೆ ಸಿಕ್ಕಿದ್ದೂ ಅದರಿಂದಲೇ ಇರಬೇಕು. ಆದರೂ ನನಗೆ ಸಿಟ್ಟು ಬರುತ್ತದೆ. ನಿನ್ನ ಮೇಲೆ ಬರುತ್ತದೆ, ಇಸ್ತ್ರಿ ಮಾವನ ಮೇಲೆ ಬರುತ್ತದೆ. ಎಲ್ಲರಿಗಿಂತ ಹೆಚ್ಚಾಗಿ, ಇಷ್ಟೆಲ್ಲ ಮಾಡಿ ಟೈರುಗಳ ನಡುವೆ ತಣ್ಣಗೆ ಕೂತಿರುವ ಆ ಮನುಷ್ಯನ ಮೇಲೆ ಬರುತ್ತದೆ. ಇಲ್ಲದ ಹಡಗೊಂದು ಬಂದು ನನ್ನ ಓದಿಗೆ ಡಿಕ್ಕಿ ಹೊಡೆದು ನಿಂತಿದೆಯಲ್ಲಮ್ಮ! ಯಾರ ಹತ್ತಿರ ಹೋಗಿ ದೂರು ಕೊಡಲಿ?

ನಿಜ ಹೇಳು. ನನಗೋಸ್ಕರ.

ಇನ್ನೂ ಸಿಟ್ಟು ಇಳಿಯದ,
ನಿನ್ನ ಪುಟ್ಟಿ

ತಾ.ಕ.: ಇವತ್ತು ಗುರುವಾರ. ಪತ್ರ ಅಂಚೆಗೆ ಹಾಕಲು ಹೊರಟಿದ್ದೆ, ಮೇಡಂ ಮತ್ತೆ ಕರೆಸಿದರು. ಅಧಿಕಾರಿ ಇನ್ನೊಮ್ಮೆ ಬರುವುದು ಬೇಡವಂತೆ, ನಾನೊಂದು ಸಹಿ ಹಾಕಿದರೆ ಸಾಕಂತೆ. ಟೈಪ್ ಮಾಡಿಸಿಯೇ ಇಟ್ಟಿದ್ದರು: "ನನ್ನ ತಾಯಿಯು ಉದ್ದೇಶಪೂರ್ವಕವಾಗಿ ಸುಳ್ಳು ಮಾಹಿತಿ ನೀಡಿರುತ್ತಾಳೆ." ಪೆನ್ನಿನ ಮುಚ್ಚಳ ತೆಗೆದೆ. "ನೀಡಿರುತ್ತಾರೆ ಅಂತ ಇರ್ಬೇಕಲ್ವಾ ಮೇಡಂ?" ಅಂದೆ. "ತಿದ್ದಿಸೋಣ, ಅದೇನ್ ದೊಡ್ಡದು" ಅಂದರು. ತಿದ್ದಿಸಿ ತಂದರು. ಆಗಲೂ ಕೈ ಬರಲಿಲ್ಲ. ನಮ್ಮಮ್ಮ ಹೇಳಿದ್ದೇ ಸರಿ, ನಾನೇ ತಪ್ಪು ಬರೆದೆ ಅಂದುಬಿಟ್ಟೆ. ಮೇಡಂ ಫೈಲು ಮುಚ್ಚಿದರು. ಕೆಲಸ ಕನ್ನಡಕದವಳಿಗೆ ಹೋಯಿತು.

ಮೇಲೆ ಬರೆದದ್ದನ್ನು ಹರಿದುಹಾಕೋಣ ಅನ್ನಿಸಿತ್ತು. ಬೇಡ, ಅಷ್ಟು ಸಿಟ್ಟು ಬಂದಿತ್ತು ಅನ್ನುವುದು ನಿನಗೂ ಗೊತ್ತಿರಲಿ. ಭಾನುವಾರ ಮನೆಗೆ ಬರುತ್ತೇನೆ. ಕೆಲಸ ಏನಾಯಿತು ಅಂತ ಬೀದಿಯವರು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕೆಂದು ನೀನೇ ಯೋಚನೆ ಮಾಡಿಡು. ನಾನೂ ಅದನ್ನೇ ಹೇಳುತ್ತೇನೆ.